ನಿಂಬೆರಸ ಮಾತ್ರ ಬೇಡ ಅತ್ತಿಗೆ

ಅತ್ತಿಗೆ, ಬೆಳಿಗ್ಗೆ ಕೇಳಿದಿರಲ್ಲ, ಮಗಳ ಮೊಡವೆ ಕಲೆಗೆ ನಿಂಬೆರಸ, ಲೋಳೆಸರ ಕಲಸಿ ಹಚ್ಚಲಾ, ಗಿಡದ್ದೇ ಅಲ್ವಾ, ಏನಾಗುತ್ತೆ ಅಂತ. ಸ್ವಲ್ಪ ಉದ್ದ ಆಗುತ್ತದೆ, ಆದರೂ ಪೂರ್ತಿ ಕೇಳಿ. ಲೋಳೆಸರ ಸರಿ. ನಿಂಬೆರಸ ಬೇಡವೇ ಬೇಡ.

ನನಗೇ ಆಗಿದೆ. ಒಂದು ಸಲ ರಾಶಿ ನಿಂಬೆಹಣ್ಣು ಹಿಂಡಿ, ಕೈಯನ್ನು ಸುಮ್ನೆ ಒರೆಸಿಕೊಂಡು, ಬಿಸಿಲಲ್ಲಿ ಬಟ್ಟೆ ಒಣಹಾಕುತ್ತಾ ನಿಂತಿದ್ದೆ. ಆವತ್ತು ಏನೂ ಇಲ್ಲ. ಮರುದಿನ ಸಂಜೆ ಉರಿ ಶುರುವಾಯಿತು, ಅದರ ಮಾರನೇ ದಿನ ಗುಳ್ಳೆ. ರಸ ಮಣಿಕಟ್ಟಿನಿಂದ ಮೊಣಕೈ ಕಡೆಗೆ ಎಲ್ಲೆಲ್ಲಿ ಇಳಿದಿತ್ತೋ ಅಲ್ಲೆಲ್ಲ ಗೆರೆ ಎಳೆದ ಹಾಗೆ. ಗುಳ್ಳೆ ಬೇಗ ಒಣಗಿತು, ಆ ಕಪ್ಪು ಗೆರೆ ಮಾಸಲು ನಾಲ್ಕು ತಿಂಗಳು ಬೇಕಾಯಿತು. ನಿಂಬೆಯಲ್ಲಿ, ಸಿಪ್ಪೆಯಲ್ಲಂತೂ ಜಾಸ್ತಿ, ಫ್ಯೂರೊಕೂಮರಿನ್ ಅಂತ ಒಂದು ರಾಸಾಯನಿಕ ಇರುತ್ತದೆ. ಅದು ಚರ್ಮದ ಮೇಲಿದ್ದಾಗ ಬಿಸಿಲಿನ ಯುವಿಎ ಕಿರಣ ಬಿದ್ದರೆ ಸುಡುತ್ತದೆ. ಅಲರ್ಜಿ ಅಲ್ಲ ಇದು, ಯಾರಿಗೆ ಬೇಕಾದರೂ ಆಗಬಹುದು. ಕಲೆ ತೆಗೆಯಲು ಹೋಗಿ ಮುಖದ ಮೇಲೆ ಹೊಸ ಕಲೆ ಬಂದರೆ ಪಾಪ ಆ ಹುಡುಗಿಗೆ ಹೇಗಾಗಬೇಡ! ಅದೂ ಅಲ್ಲದೆ ನಿಂಬೆರಸದ ಪಿಎಚ್ (ಹುಳಿಯ ಅಳತೆ, ಕಡಿಮೆಯಾದಷ್ಟೂ ಹುಳಿ ಜಾಸ್ತಿ) 2ರ ಹತ್ತಿರ, ಚರ್ಮದ್ದು 5ರ ಆಸುಪಾಸು. ಅಷ್ಟು ಹುಳಿ ಮುಖ ತಡೆಯುವುದಿಲ್ಲ.

ಲೋಳೆಸರದಲ್ಲೂ ಒಂದು ವಿಷಯ ಇದೆ. ಎಲೆ ಕತ್ತರಿಸಿದ ಕೂಡಲೇ ಸಿಪ್ಪೆ ಅಂಚಿನಿಂದ ಹಳದಿ ರಸ ಒಸರುತ್ತದಲ್ಲ, ಅದರಲ್ಲಿ ಅಲೋಯಿನ್ ಇರುತ್ತದೆ, ಕೆಲವರಿಗೆ ತುರಿಕೆ ಬರುತ್ತದೆ. ಕೊಯ್ದ ತುದಿ ಕೆಳಗೆ ಮಾಡಿ ಲೋಟದಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ, ರಸ ಇಳಿದ ಮೇಲೆ ಸಿಪ್ಪೆ ತೆಗೆದು, ಒಳಗಿನ ತಿಳಿ ಲೋಳೆಯನ್ನು ತೊಳೆದು ಹಚ್ಚಿ. ಮೊದಲು ಮುಖಕ್ಕಲ್ಲ. ಮೊಣಕೈ ಒಳಮಡಿಕೆಯಲ್ಲಿ ದಿನಕ್ಕೆ ಎರಡು ಸಲ, ಒಂದು ವಾರ ಹಚ್ಚಿ ನೋಡಲಿ.

ಚಿಕ್ಕಮ್ಮ, ನೀವು ಕೇಳಿದ ಬಕೂಚಿಯಾಲ್ ಕ್ರೀಮೂ ಗಿಡದ್ದೇ, ಬಾವಂಚಿ ಬೀಜದಿಂದ ತೆಗೆಯುತ್ತಾರೆ. 44 ಜನರ ಮೇಲೆ 12 ವಾರ ರೆಟಿನಾಲ್ (ಸುಕ್ಕಿಗೆ ಹಚ್ಚುವ ವಿಟಮಿನ್ ಎ) ಜೊತೆ ಹೋಲಿಸಿ ನೋಡಿದ್ದಾರೆ, ಸುಕ್ಕು ಮತ್ತು ಕಲೆ ಎರಡೂ ಹೆಚ್ಚುಕಮ್ಮಿ ಅಷ್ಟೇ ಕಡಿಮೆಯಾಗಿವೆ, ಚರ್ಮ ಸುಲಿಯುವುದು ರೆಟಿನಾಲ್‌ನಷ್ಟು ಇರಲಿಲ್ಲ. ಹಾಗಂತ ಬೀಜವನ್ನೇ ಅರೆದು ಹಚ್ಚಬೇಡಿ. ಬೀಜದಲ್ಲಿ ಸೋರಾಲೆನ್ ಕೂಡ ಇದೆ, ನಿಂಬೆಯಲ್ಲಿರುವ ಫ್ಯೂರೊಕೂಮರಿನ್ ಜಾತಿಯದೇ ಅದು.

ಅತ್ತಿಗೆ, ನಿಂಬೆರಸ ಆಗಲೇ ಹಚ್ಚಿ ಆಗಿದ್ದರೆ ಈಗಲೇ ಸೋಪು ಹಾಕಿ ತೊಳೆಸಿ, ಎರಡು ಮೂರು ದಿನ ಬಿಸಿಲಿಗೆ ಕಳಿಸಬೇಡಿ. ಉರಿ ಬಂದರೆ ತಕ್ಷಣ ಫೋನ್ ಮಾಡಿ, ಚರ್ಮದ ಡಾಕ್ಟರ ಹತ್ತಿರ ಹೋಗೋಣ, ನಾನೂ ಬರುತ್ತೇನೆ.