ಅಪ್‌ಡೇಟ್: ಪ್ರೆಸ್ಸಿಂಗ್‌ನಲ್ಲಿ ಹೊಸ ಮಡಿಕೆ ಬಿದ್ದ ಕಾಮಿಕ್

ಗ್ರೇಡಿಂಗ್‌ಗೂ (ಕಾಮಿಕ್ ಸ್ಥಿತಿ ನೋಡಿ ಅಂಕ ಕೊಡುವುದು) ಮೊದಲು ಪ್ರೆಸ್ಸಿಂಗ್‌ಗೆ (ಬಿಸಿ, ತೇವ ಕೊಟ್ಟು ಮೆಷಿನ್‌ನಲ್ಲಿ ಒತ್ತಿ ಸಪಾಟು ಮಾಡುವುದು) ಕೊಟ್ಟಿದ್ದ ನಮ್ಮ ಮಾವನ ಹಳೇ ಕಾಮಿಕ್, ಮೇಲಿನ ಪಿನ್ ಪಕ್ಕ ಹೊಸ ಮಡಿಕೆ ಬಿದ್ದು ವಾಪಸ್ ಬಂತು, ಏನು ಮಾಡಲಿ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

ತುಮಕೂರಿನಿಂದ ಕಳಿಸುವ ಮುಂಚೆ ತೆಗೆದಿದ್ದ ಫೋಟೋಗಳನ್ನು ಪ್ರೆಸ್ಸಿಂಗ್‌ನವರಿಗೆ ಕಳಿಸಿದೆ. ಮೊದಲು 'ಕೊರಿಯರ್‌ನಲ್ಲಿ ಆಗಿರಬೇಕು ಸಾರ್' ಅಂದರು. ಆದರೆ ಕಾಮಿಕ್ ಹಿಂದೆ ಆಸರೆಗೆ ಇಟ್ಟಿದ್ದ ರಟ್ಟು ಒಂಚೂರೂ ಬಾಗಿರಲಿಲ್ಲ. ಅದನ್ನು ತೋರಿಸಿದ ಮೇಲೆ, ಮೆಷಿನ್‌ನಿಂದ ತೆಗೆಯುವಾಗ ಆಗಿದೆ ಅಂತ ಒಪ್ಪಿಕೊಂಡರು. ಚಾರ್ಜ್ ಪೂರ್ತಿ ವಾಪಸ್ ಬಂದಿದೆ. ಬೆಲೆ ಇಳಿದಿದ್ದಕ್ಕೆ ಪರಿಹಾರದ ಮಾತು ಇನ್ನೂ ನಡೆಯುತ್ತಿದೆ.

ಮತ್ತೆ ಪ್ರೆಸ್ ಮಾಡಿಕೊಡುತ್ತೇವೆ ಅಂದರು. ಬೇಡ ಅಂದೆ. ಬರೀ ಬಾಗಿದ್ದರೆ ಬಿಸಿ, ತೇವಕ್ಕೆ ಸರಿಹೋಗುತ್ತದೆ. ಇಲ್ಲಿ ಬಣ್ಣವೇ ಒಡೆದು, ಕೂದಲೆಳೆಯಷ್ಟು ಬಿಳಿ ಕಾಗದ ಕಾಣುತ್ತಿದೆ. ಅದು ಪ್ರೆಸ್ಸಿಂಗ್‌ನಿಂದ ಹೋಗುವುದಿಲ್ಲ. ಬಣ್ಣ ಹಚ್ಚಿಸಿದರೆ ಗ್ರೇಡಿಂಗ್ ಲೇಬಲ್ ಮೇಲೆ ರಿಸ್ಟೋರ್ಡ್ (ರಿಪೇರಿ ಮಾಡಿದ್ದು) ಅಂತ ಬರುತ್ತದೆ, ಅದು ಇನ್ನೂ ಜಾಸ್ತಿ ನಷ್ಟ ಅಲ್ವಾ? ಪರಿಹಾರ ಇತ್ಯರ್ಥ ಆದ ಮೇಲೆ, ಹೇಗಿದೆಯೋ ಹಾಗೇ ಗ್ರೇಡಿಂಗ್‌ಗೆ ಕಳಿಸುತ್ತೇನೆ.