ಅಮ್ಮನಿಗೆ ಹಾಲು ಆಗುವುದಿಲ್ಲ: ಬಸಳೆ, ರಾಗಿ ಮಣ್ಣಿ, ಮೀನಿನಲ್ಲಿ ಕ್ಯಾಲ್ಸಿಯಂ ಸಾಕಾ?

ಪ್ರಶ್ನೆ (ಉಡುಪಿ)
ಅಮ್ಮನಿಗೆ 58 ವರ್ಷ, ಮುಟ್ಟು ನಿಂತು ಏಳು ವರ್ಷ ಆಯ್ತು. ಹಾಲು ಕುಡಿದರೆ ಹೊಟ್ಟೆ ಉಬ್ಬರ. ಕುಚ್ಚಲಕ್ಕಿ ಅನ್ನ, ಬಸಳೆ ಅಥವಾ ಹರಿವೆ ಪದಾರ್ಥ, ಮೀನು, ರಾತ್ರಿ ಒಂದು ಲೋಟ ನೀರು ಮಜ್ಜಿಗೆ, ವಾರಕ್ಕೆರಡು ಸಲ ರಾಗಿ ಮಣ್ಣಿ (ರಾಗಿ ಹಾಲು ಕಾಯಿಸಿ ಮಾಡುವ ಸಿಹಿ). ಡಾಕ್ಟರು ಬರೆದ ಕ್ಯಾಲ್ಸಿಯಂ ಮಾತ್ರೆಯನ್ನು ಬೆಳಿಗ್ಗೆ ಥೈರಾಯ್ಡ್ ಮಾತ್ರೆಯ ಒಟ್ಟಿಗೇ ನುಂಗುತ್ತಾರೆ. ಇಷ್ಟು ಸಾಕಾ?

ಉತ್ತರ 1
ಮೊದಲು ಮಾತ್ರೆಯ ವಿಷಯ. ಕ್ಯಾಲ್ಸಿಯಂ ಥೈರಾಯ್ಡ್ ಮಾತ್ರೆಯನ್ನು ಹೊಟ್ಟೆಯಲ್ಲೇ ಹಿಡಿದಿಟ್ಟು ಪೂರ್ತಿ ರಕ್ತಕ್ಕೆ ಸೇರಲು ಬಿಡುವುದಿಲ್ಲ. ಎರಡರ ನಡುವೆ ನಾಲ್ಕು ಗಂಟೆ ಬೇಕು. ಹಾಗೆ ಬೇರೆ ಮಾಡುವ ಮೊದಲು ಡಾಕ್ಟರಿಗೆ ಹೇಳಿ, ಆರರಿಂದ ಎಂಟು ವಾರದ ನಂತರ ಟಿಎಸ್‌ಎಚ್ (ಥೈರಾಯ್ಡಿನ ರಕ್ತ) ಪರೀಕ್ಷೆ ಮಾಡಿಸಿ. ಇಷ್ಟು ದಿನ ಅರೆಬರೆ ಹೀರುತ್ತಿದ್ದ ಡೋಸು ಈಗ ಪೂರ್ತಿ ಸಿಕ್ಕಿ ಜಾಸ್ತಿಯಾಗಬಹುದು.
ಕ್ಯಾಲ್ಸಿಯಂ ಕಾರ್ಬೊನೇಟ್ ಆದರೆ ಮಧ್ಯಾಹ್ನದ ಊಟದ ಜತೆ ಕೊಡಿ, ಅದು ಕರಗಲು ಹೊಟ್ಟೆಯ ಆಮ್ಲ ಬೇಕು. ಕ್ಯಾಲ್ಸಿಯಂ ಸಿಟ್ರೇಟ್ ಆದರೆ ಊಟ ಇಲ್ಲದೆಯೂ ಆಗ್ತದೆ, ನಾಲ್ಕು ಗಂಟೆಯ ಅಂತರ ಮಾತ್ರ ಬೇಕು. ಡಬ್ಬದಲ್ಲಿ 1250 ಮಿ.ಗ್ರಾಂ ಕಾರ್ಬೊನೇಟ್ ಎಂದಿದ್ದರೆ ಅದರಲ್ಲಿ ಕ್ಯಾಲ್ಸಿಯಂ 500 ಮಾತ್ರ. ಒಂದು ಹೊತ್ತಿಗೆ ಅದಕ್ಕಿಂತ ಹೆಚ್ಚು ಕೊಟ್ಟರೆ ದೇಹ ಹೀರುವ ಪಾಲು ಕಡಿಮೆಯಾಗ್ತದೆ.

ಉತ್ತರ 2
ಮುಟ್ಟು ನಿಂತವರಿಗೆ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೇಳಿದ್ದು ದಿನಕ್ಕೆ 1200 ಮಿ.ಗ್ರಾಂ. ನೀವು ಬರೆದ ಊಟದಲ್ಲಿ ಅಷ್ಟು ಬರುವುದಿಲ್ಲ.
ಬಸಳೆ, ಹರಿವೆ, ಪತ್ರೊಡೆಯ ಕೆಸುವಿನೆಲೆ, ಇವುಗಳಲ್ಲಿ ಆಕ್ಸಲೇಟ್ ಉಂಟು. ಅದು ಕ್ಯಾಲ್ಸಿಯಂ ಅನ್ನು ಕಟ್ಟಿಹಾಕ್ತದೆ. ಹಾಲಿನದ್ದು ಸುಮಾರು 30 ಶೇಕಡಾ ಮೈಗೆ ಹಿಡಿದರೆ, ಇದೇ ತೊಂದರೆ ಇರುವ ಪಾಲಕಿನದ್ದು ಬರೀ 5 ಶೇಕಡಾ. ತಿನ್ನಲಿ, ಲೆಕ್ಕಕ್ಕೆ ಹಿಡಿಯಬೇಡಿ. ಮೂಲಂಗಿ ಸೊಪ್ಪಿನಲ್ಲಿ ಆಕ್ಸಲೇಟ್ ಕಡಿಮೆ. ಸಂತೆಯಲ್ಲಿ ಅದನ್ನು ಕತ್ತರಿಸಿ ಬಿಸಾಡಲು ಬಿಡಬೇಡಿ, ಪಲ್ಯ ಮಾಡಿ.
ಮಣ್ಣಿ ಮಾಡುವಾಗ ರಾಗಿ ರುಬ್ಬಿ ಬಟ್ಟೆಯಲ್ಲಿ ಸೋಸ್ತೀರಲ್ಲ, ನಷ್ಟ ಅಲ್ಲಿಯೇ. ರಾಗಿಯ ಕ್ಯಾಲ್ಸಿಯಂನಲ್ಲಿ ದೊಡ್ಡ ಪಾಲು ಸಿಪ್ಪೆಯಲ್ಲಿ, ಅದು ಚರಟದ ಜತೆ ಹೋಗ್ತದೆ. ಇಡೀ ರಾಗಿಯಲ್ಲಿ 100 ಗ್ರಾಂಗೆ ಸುಮಾರು 350 ಮಿ.ಗ್ರಾಂ ಉಂಟು.
ನೀರು ಮಜ್ಜಿಗೆಯಲ್ಲಿ ಮೊಸರು ಕಾಲು ಲೋಟ ಇದ್ದರೆ 60 ಮಿ.ಗ್ರಾಂ. ಹುಳಿ ಬಂದ ಮೊಸರಿನಲ್ಲಿ ಲ್ಯಾಕ್ಟೋಸ್ (ಹಾಲಿನ ಸಕ್ಕರೆ) ಕಡಿಮೆಯಾದ್ದರಿಂದ ಹಾಲು ಆಗದ ಎಷ್ಟೋ ಜನರಿಗೆ ಅದು ಆಗ್ತದೆ. ಮೊದಲು ಅರ್ಧ ಕಪ್, ತೊಂದರೆ ಇಲ್ಲದಿದ್ದರೆ ಎರಡು ಹೊತ್ತು ಒಂದೊಂದು ಕಪ್. 300 ಮಿ.ಲೀ.ಗೆ ಸುಮಾರು 360 ಸಿಗ್ತದೆ. ಒಂದೆಲಗದ ತಂಬುಳಿ ಮಾಡುವಾಗಲೂ ನೀರಿಗಿಂತ ಮೊಸರು ಜಾಸ್ತಿ ಇರಲಿ.

ಉತ್ತರ 3
ಬಂಗುಡೆ, ಅಂಜಲಿನ ಮಾಂಸದಲ್ಲಿ ಕ್ಯಾಲ್ಸಿಯಂ ತೀರಾ ಕಡಿಮೆ. ಇರುವುದು ಮುಳ್ಳಿನಲ್ಲಿ. ಹಾಗಾಗಿ ಮುಳ್ಳು ಸಮೇತ ತಿನ್ನುವ ಸಣ್ಣ ಕೊಲ್ಲತರು ತನ್ನಿ, ತಲೆ ಮತ್ತು ಹೊಟ್ಟೆ ಮಾತ್ರ ತೆಗೆಯಿರಿ. ಬೂತಾಯಿ ಆದರೆ ಹುಣಸೆಹುಳಿ ಹಾಕಿದ ಪುಳಿಮುಂಚಿಯನ್ನು ಕುಕ್ಕರಿನಲ್ಲಿ ಸಣ್ಣ ಉರಿಯಲ್ಲಿ ಅರ್ಧ ಗಂಟೆ ಇಡಿ. ಬಾಣಲೆಯಲ್ಲಿ ಹತ್ತು ನಿಮಿಷ ಕುದಿಸಿದರೆ ಮುಳ್ಳು ಮೆತ್ತಗಾಗುವುದಿಲ್ಲ. ಬೆರಳಲ್ಲಿ ಒತ್ತಿ ಪುಡಿಯಾದರೆ ಮಾತ್ರ ಅಮ್ಮನಿಗೆ ಬಡಿಸಿ.
ಜೂನ್, ಜುಲೈ ದೊಡ್ಡ ದೋಣಿ ಕಡಲಿಗಿಳಿಯದ ತಿಂಗಳಲ್ಲಿ ಒಣಮೀನು ಜಾಸ್ತಿ ಆಗ್ತದೆ. ಉಪ್ಪು ಹೆಚ್ಚಾದಷ್ಟೂ ಮೂತ್ರದಲ್ಲಿ ಕ್ಯಾಲ್ಸಿಯಂ ಹೋಗ್ತದೆ. ಎರಡು ಸಲ ನೀರು ಬದಲಿಸಿ ನೆನೆಸಿಡಿ.

ಕೇಳಿದವರು
ಮಣ್ಣಿ ಸೋಸದಿದ್ದರೆ ತರಿತರಿ ಅಲ್ವಾ?

ಉತ್ತರ 2
ಹೌದು, ಆಗ್ತದೆ ಮಾರಾಯ್ರೆ. ಅದಕ್ಕೇ ಮಣ್ಣಿ ಅಪರೂಪಕ್ಕೆ ಇರಲಿ. ರಾಗಿಯನ್ನು ಮಿಲ್ಲಿನಲ್ಲಿ ನುಣ್ಣಗೆ ಬೀಸಿಸಿ, ಜರಡಿ ಹಿಡಿಯದೆ, ಒಂದು ಪಾವು ಉದ್ದಿಗೆ ಮೂರು ಪಾವು ಹಿಟ್ಟು ಸೇರಿಸಿ ರಾತ್ರಿ ಇಟ್ಟು ದೋಸೆ ಮಾಡಿ. ಹುಳಿ ಬಂದರೆ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುವ ಫೈಟೇಟ್ ಎಂಬ ಅಂಶ ಇಳಿದು ಕ್ಯಾಲ್ಸಿಯಂ ಇನ್ನಷ್ಟು ಸಿಗ್ತದೆ.