ಸಾಹಸದಾಟಗಳ ಕಥೆ, ಒಗಟು, ಮುಕ್ತಾಯಗಳನ್ನು ಅಳೆಯುವುದು ಹೇಗೆ?

ಕೋರಿಕೆ: ಹಳೆಯ ಪಾಯಿಂಟ್ ಅಂಡ್ ಕ್ಲಿಕ್ ಸಾಹಸದಾಟಗಳನ್ನು (ಮೌಸ್ ಕ್ಲಿಕ್ಕಿಸುತ್ತಾ ಕಥೆಯನ್ನು ಮುಂದುವರಿಸುವ ಕಂಪ್ಯೂಟರ್ ಆಟಗಳನ್ನು) ಆಡಿ ಕನ್ನಡದಲ್ಲಿ ವಿಮರ್ಶೆ ಬರೆಯಬೇಕೆಂದಿದ್ದೇನೆ. ಒಗಟು ಬಿಡಿಸಲಾಗದಿದ್ದಾಗ ಅದು ಆಟದ ದೋಷವೋ ನನ್ನದೋ ಎಂಬುದು ತಿಳಿಯುವುದಿಲ್ಲ. ಮುಕ್ತಾಯದ ವಿಷಯದಲ್ಲೂ ಇದೇ ಗೊಂದಲ. ಅನುಭವವುಳ್ಳವರು ತಿಳಿಸಬೇಕು.

ಉತ್ತರ 1: ಒಗಟು ಕಠಿಣವೋ ಸುಲಭವೋ ಎಂಬುದನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಉತ್ತರ ತಿಳಿದ ಮೇಲೆ ‘ನನಗೇಕೆ ಹೊಳೆಯಲಿಲ್ಲ’ ಎನಿಸಿದರೆ ಒಗಟು ಸರಿಯಾಗಿದೆ. ‘ಇದು ಯಾರಿಗೆ ತಾನೇ ಹೊಳೆದೀತು’ ಎನಿಸಿದರೆ ದೋಷ ಆಟದ್ದು. 1999ರ ‘ಗೇಬ್ರಿಯಲ್ ನೈಟ್ 3’ ಆಟದಲ್ಲಿ ಇವೆರಡೂ ಸಿಗುತ್ತವೆ. ಗೆಳೆಯ ಮೋಸ್ಲಿಯ ಹೆಸರಿನಲ್ಲಿ ಬಾಡಿಗೆ ಬೈಕು ಪಡೆಯಲು ನಾಯಕನು ವೇಷ ಹಾಕಬೇಕು. ಅದಕ್ಕಾಗಿ ಶೆಡ್ಡಿನ ಕಿಂಡಿಗೆ ಅಂಟುಟೇಪು ಹಚ್ಚಿ, ಬೆಕ್ಕನ್ನು ಅದರೊಳಗೆ ಓಡಿಸಿ, ಟೇಪಿಗೆ ಅಂಟಿದ ಕೂದಲನ್ನು ಮೇಪಲ್ ಸಿರಪ್‌ನಿಂದ ತುಟಿಯ ಮೇಲೆ ಮೆತ್ತಿಕೊಂಡು ಮೀಸೆ ಮಾಡಿಕೊಳ್ಳಬೇಕು. ವಿಚಿತ್ರವೆಂದರೆ ಮೋಸ್ಲಿಗೆ ಮೀಸೆಯೇ ಇಲ್ಲ! ಹಾಗಾಗಿ ಅವನ ಪಾಸ್‌ಪೋರ್ಟನ್ನು ಲಪಟಾಯಿಸಿ ಅದರ ಫೋಟೋಕ್ಕೂ ಮಾರ್ಕರ್‌ನಿಂದ ಮೀಸೆ ಬರೆಯಬೇಕು. ಅದೇ ಆಟದ ‘ಲ ಸರ್ಪೆಂಟ್ ರೂಜ್’ ಭಾಗ ಇದಕ್ಕಿಂತ ಬಹಳ ಕಠಿಣವಾದದ್ದು. ಅಲ್ಲಿ ನಾಯಕನ ಸಹಾಯಕಿ ಗ್ರೇಸ್ ಒಂದು ಪದ್ಯದ ಚರಣಗಳ ಅರ್ಥವನ್ನು ಬಿಡಿಸುತ್ತಾ ಫ್ರಾನ್ಸಿನ ರೆನ್-ಲ-ಶಾಟೋ ಸುತ್ತಲಿನ ನಕ್ಷೆಯ ಮೇಲೆ ವೃತ್ತ, ಚೌಕಗಳನ್ನು ಎಳೆಯುತ್ತಾಳೆ. ಒಂದೊಂದು ಚರಣ ಬಿಟ್ಟಂತೆಲ್ಲ ಆ ಊರಿನ ರಹಸ್ಯವೂ ಒಂದಿಷ್ಟು ಬಿಚ್ಚಿಕೊಳ್ಳುತ್ತದೆ. ನನಗೆ ಅದನ್ನು ಬಿಡಿಸಲು ಕಾಗದ, ಪೆನ್ಸಿಲ್ಲು ಬೇಕಾದವು, ಆದರೂ ಬೇಸರವೆನಿಸಲಿಲ್ಲ. ಒಗಟನ್ನು ತೆಗೆದುಹಾಕಿದರೆ ಕಥೆಗೆ ಏನಾದರೂ ನಷ್ಟವಾಗುತ್ತದೆಯೇ ಎಂದು ಕೇಳಿ ನೋಡಿ. ಮೀಸೆಯದನ್ನು ತೆಗೆದರೆ ಕಥೆ ಒಂದು ಬೈಕಿನಷ್ಟೂ ಹಿಂದೆ ಬೀಳುವುದಿಲ್ಲ.

ಉತ್ತರ 2: ಮುಕ್ತಾಯದ ಬಗ್ಗೆ ಹೇಳುತ್ತೇನೆ, ಗುಟ್ಟು ಬಯಲಾಗುವುದರಿಂದ ‘ಮಂಕಿ ಐಲೆಂಡ್ 2’ ಆಡದವರು ಮುಂದಿನ ಉತ್ತರಕ್ಕೆ ಹೋಗಬಹುದು. 1991ರ ಆ ಆಟದ ಕೊನೆಯಲ್ಲಿ ನಾಯಕ ಗೈಬ್ರಷ್ ಮತ್ತು ಕಡಲ್ಗಳ್ಳ ಲಚಕ್ ಇಬ್ಬರೂ ಮನರಂಜನಾ ಉದ್ಯಾನಕ್ಕೆ ಬಂದ ಅಣ್ಣತಮ್ಮಂದಿರಾಗಿ ಕಾಣಿಸಿಕೊಳ್ಳುತ್ತಾರೆ. ಇದು ಮೋಸವೆಂದು ಹಲವರು ಸಿಟ್ಟಾದರು. ನಾನು ಒಪ್ಪುವುದಿಲ್ಲ. 1990ರ ಮೊದಲ ಆಟದಲ್ಲೇ ಕಡಲ್ಗಳ್ಳರ ದ್ವೀಪದಲ್ಲಿ, ಹಾಕಿದ ಕಾಸಿಗೆ ಪಾನೀಯ ಕೊಡುವ ಯಂತ್ರವೊಂದು ನಿಂತಿತ್ತು. ಆ ಲೋಕ ಪೂರ್ತಿ ನಿಜವಲ್ಲವೆಂಬ ಸುಳಿವು ಆಗಲೇ ಕಣ್ಣೆದುರಿಗಿತ್ತು. ಅನಿರೀಕ್ಷಿತವಾದರೂ ಹಿಂದಿರುಗಿ ನೋಡಿದಾಗ ಸುಳಿವು ಸಿಗುವುದಾದರೆ ಆ ಮುಕ್ತಾಯಕ್ಕೆ ನಾನು ಅಂಕ ಕೊಡುತ್ತೇನೆ. ಎಲ್ಲಕ್ಕೂ ವಿವರಣೆ ಕೊಡದಿರುವುದನ್ನು ಮಾತ್ರ ದೋಷವೆನ್ನಲಾರೆ. ಈ ಆಟಗಳನ್ನು ರೂಪಿಸಿದ ರಾನ್ ಗಿಲ್ಬರ್ಟ್ 2022ರಲ್ಲಿ ಸರಣಿಗೆ ಮರಳಿದಾಗ ಅದೇ ಉದ್ಯಾನದಿಂದಲೇ ಕಥೆಯನ್ನು ಎತ್ತಿಕೊಂಡರು.

ಉತ್ತರ 3: ಇನ್ನೊಂದು ಬಗೆಯ ದೋಷವನ್ನೂ ಗಮನಿಸಿ. 1990ರ ‘ಕಿಂಗ್ಸ್ ಕ್ವೆಸ್ಟ್ 5’ರಲ್ಲಿ ಹಸಿವಾಯಿತೆಂದು ಕಸ್ಟರ್ಡ್ ಪೈ ತಿಂದುಬಿಟ್ಟರೆ, ಮುಂದೆ ಹಿಮಮಾನವ ಎದುರಾದಾಗ ಅವನ ಮುಖಕ್ಕೆ ಎಸೆಯಲು ಏನೂ ಉಳಿದಿರುವುದಿಲ್ಲ, ಮತ್ತು ಆಟವು ಆ ತಪ್ಪನ್ನು ತಿಂದ ಹೊತ್ತಿಗೆ ತಿಳಿಸುವುದೂ ಇಲ್ಲ. ಇಂಥ ಆಟಗಳನ್ನು ಆಡುವಾಗ ಹಳೆಯ ಸೇವ್‌ಗಳನ್ನು (ಆಟ ಎಲ್ಲಿಯವರೆಗೆ ಬಂದಿತ್ತೆಂದು ಉಳಿಸಿಟ್ಟ ದಾಖಲೆಗಳನ್ನು) ಅಳಿಸದೆ ಬೇರೆ ಬೇರೆ ಹೆಸರಿನಲ್ಲಿ ಇಟ್ಟುಕೊಳ್ಳಿ.